ಉಲ್ಕೆಯ ಗೆರೆ ಹಿಡಿದು ಬಂದ ದನಿ

ನಾಗಪುರದ ಎಫ್‌ಎಂ ಚಿತ್ರದುರ್ಗಕ್ಕೆ ಕೇಳುವುದಿಲ್ಲ. ನಡುವೆ ಸುಮಾರು 800 ಕಿಲೋಮೀಟರ್ ಇದೆ. ಆದರೂ ಡಿಸೆಂಬರ್ 14ರ ಆಸುಪಾಸು, ಜೆಮಿನಿಡ್ ಉಲ್ಕೆಗಳು ಸುರಿಯುವ ನಸುಕಿನಲ್ಲಿ ದುರ್ಗದ ತಾರಸಿಯ ಮೇಲೆ ರೇಡಿಯೊ ಹಚ್ಚಿ ಕೂತರೆ, ಬರೀ ಗೊರಗೊರ ಸದ್ದಿನ ನಡುವೆ ಹಿಂದಿಯ ಅರ್ಧ ಪದವೋ ಹಾಡಿನ ಚೂರೋ ಥಟ್ಟನೆ ಎದ್ದು ಅಡಗುತ್ತದೆ. ಮೊದಲ ಸಲ ಕೇಳಿದಾಗ ಮೈ ಜುಮ್ಮೆನ್ನುತ್ತದೆ.

ಉಲ್ಕೆ ಉರಿದು ಸುಮಾರು 95 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟ ಅಯಾನಿನ (ವಿದ್ಯುತ್ ಆವೇಶದ ಕಣಗಳ) ಗೆರೆ ರೇಡಿಯೊ ಅಲೆಯನ್ನು ಇತ್ತ ಚದುರಿಸುತ್ತದೆ. 1960ರ ದಶಕದಲ್ಲಿ ನ್ಯಾಟೋ ಸೇನಾಕೂಟದ ಕಾಮೆಟ್ ಎಂಬ ರೇಡಿಯೊ ವ್ಯವಸ್ಥೆ ನೆದರ್ಲೆಂಡ್ಸ್‌ನಿಂದ ದಕ್ಷಿಣ ಫ್ರಾನ್ಸ್‌ಗೆ ಸಂದೇಶ ಕಳಿಸಿದ್ದು ಇದೇ ಗೆರೆಗಳ ಮೇಲೆ. ಅದರ ಜಾಣ್ಮೆಯೆಲ್ಲ ಕಾಯುವುದರಲ್ಲಿದೆ. ಸಂದೇಶವನ್ನು ತುಂಬಿಟ್ಟುಕೊಂಡು, ದಾರಿ ತೆರೆದಾಗಷ್ಟೇ ಒಂದೇ ಉಸಿರಿಗೆ ಸುರಿಯಬೇಕು. ಕೆಟ್ಟ ತುಂಡನ್ನು ಆಚೆಯವರು ಮತ್ತೆ ಕೇಳಿ ಪಡೆಯಬೇಕು. ಒಂದೊಂದು ಗೆರೆಯ ಪ್ರತಿಧ್ವನಿ ಬೀಳುವ ನೆಲ ಚಿಕ್ಕದು, ಹಾಗಾಗಿ ಕದ್ದು ಕೇಳುವುದೂ ಅಡ್ಡಿಪಡಿಸುವುದೂ ಕಷ್ಟ. ಸೇನೆಗೆ ಬೇಕಾದದ್ದೇ ಅದು.

ಸೇನೆಯವರು 40–50 ಮೆಗಾಹರ್ಟ್ಸ್ ಹಿಡಿದದ್ದಕ್ಕೂ ಕಾರಣವಿದೆ. ಆವರ್ತನ ಏರಿದಂತೆ ತರಂಗಾಂತರ ಕುಗ್ಗುತ್ತದೆ, ತೆಳು ಗೆರೆಯ ಪ್ರತಿಧ್ವನಿಯ ಆಯಸ್ಸು ಆ ತರಂಗಾಂತರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 40ರಲ್ಲಿ ಒಂದು ಸೆಕೆಂಡ್ ಬಾಳುವುದು ಎಫ್‌ಎಂನ 100ರಲ್ಲಿ ಅದರ ಆರನೇ ಒಂದು ಭಾಗ. ಎಫ್‌ಎಂನಲ್ಲಿ ಪದ ಅರ್ಧಕ್ಕೇ ಮುರಿಯುವುದು ಅದಕ್ಕೇ.

ಆಂಟೆನಾಕ್ಕೆ 12 ಮಿಲಿಮೀಟರ್ ಅಲ್ಯೂಮಿನಿಯಂ ಕೊಳವೆ ಸಾಕು. 100 ಮೆಗಾಹರ್ಟ್ಸ್‌ಗೆ ನಡುವಿನ ಡೈಪೋಲ್ (ರೇಡಿಯೊಗೆ ತಂತಿ ಕಟ್ಟುವ ಕಡ್ಡಿ) 1.42 ಮೀಟರ್, ಹಿಂದಿನ ಕಡ್ಡಿ 1.5, ಮುಂದಿನದು 1.33, ಕಡ್ಡಿಯಿಂದ ಕಡ್ಡಿಗೆ 60 ಸೆಂಟಿಮೀಟರ್ ಅಂತರ. ಊರಿನ ದಕ್ಷಿಣದ ಜೋಗಿಮಟ್ಟಿ ಬೆಟ್ಟಕ್ಕೆ ಬೆನ್ನು ಮಾಡಿ, ಉತ್ತರದಿಂದ ಪೂರ್ವಕ್ಕೆ 20 ಡಿಗ್ರಿ ತಿರುಗಿಸಿ, ಮೂತಿಯನ್ನು ಹತ್ತು ಡಿಗ್ರಿ ಮೇಲೆತ್ತಿ ಕಟ್ಟಬೇಕು. ಇನ್ನೂ ಹೆಚ್ಚು ಕಡ್ಡಿ ಸೇರಿಸುವ ಆಸೆ ಬೇಡ. ನೇರ ದಾರಿಯ ಎಡಬಲಗಳಲ್ಲೇ ಪ್ರತಿಧ್ವನಿ ಹೆಚ್ಚು, ಕಿರಿದಾದ ನೋಟ ಅವನ್ನು ಬಿಟ್ಟುಬಿಡುತ್ತದೆ.

ಹೆಚ್ಚು ಕಾಡುವುದು ಊರಿನ ಆಕಾಶವಾಣಿಯ ಎಫ್‌ಎಂ. ಅಗ್ಗದ ಎಸ್‌ಡಿಆರ್ ಡಾಂಗಲ್ (ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಪುಟ್ಟ ರೇಡಿಯೊ) ಅದರ ಬಲಕ್ಕೆ ಕಿವುಡಾಗಿ ಪರದೆಯ ಎಲ್ಲೆಡೆ ಸುಳ್ಳು ಗೆರೆ ತೋರಿಸುತ್ತದೆ. ಆ ಆವರ್ತನಕ್ಕೆ ನಾಚ್ ಫಿಲ್ಟರ್ (ಅದೊಂದನ್ನೇ ತಡೆಯುವ ಜರಡಿ) ಹಾಕಿ, ಆಟೋ ಗೇನ್ ನಿಲ್ಲಿಸಿ, ಗೇನನ್ನು (ಸಂಕೇತ ಹಿಗ್ಗಿಸುವ ಮಟ್ಟವನ್ನು) ಕೈಯಲ್ಲೇ ಇಳಿಸಬೇಕು. ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಎಲ್ಲ ಬಂದ್. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ.

ಜೆಮಿನಿಡ್‌ಗೆ ರಾತ್ರಿ ಎರಡರ ಸುಮಾರು ಒಳ್ಳೆಯ ಹೊತ್ತು. ಉಳಿದ ದಿನ ಬೆಳಗಿನ ಆರು ಗಂಟೆ ಲೇಸು; ಆಗ ನಮ್ಮ ಕಡೆಯ ಭೂಮಿ ಉಲ್ಕೆಗಳಿಗೆ ಎದುರಾಗಿ ಓಡುತ್ತಿರುತ್ತದೆ. ಸಂಜೆ ಆರಕ್ಕೆ ಎಣಿಕೆ ತಳ ಕಾಣುತ್ತದೆ. ದನಿ ನಿಮಿಷಗಟ್ಟಲೆ ನಿಂತರೆ ಅದು ಉಲ್ಕೆಯದಲ್ಲ, ಬಹುಪಾಲು ಸ್ಪೊರಾಡಿಕ್-ಇ, ಅಂದರೆ ಆಗಾಗ ಮೇಲಿನ ವಾತಾವರಣದಲ್ಲಿ ಮೂಡುವ ಅಯಾನಿನ ಪದರದ್ದು. ಲೆಕ್ಕಕ್ಕೆ ಸೇರಿಸಬಾರದು.