ಶೆಡ್ಡಿನಲ್ಲಿ ಇದ್ದವರು ಯಾರು?

ಎದುರು ಮನೆಯ ಹುಡುಗಿ ಮೊನ್ನೆ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಎದುರು ಮನೆ ಅನ್ನಬೇಕೋ ಬೇಡವೋ, ಸದ್ಯಕ್ಕಂತೂ ಅದೊಂದು ಕ್ಯಾರವಾನ್, ಚಕ್ರದ ಮೇಲಿನ ಮನೆ. "ಮೈಸೂರಿನಲ್ಲಿ ನಿಮ್ಮ ಮನೆ ಕಟ್ಟಿದ್ರಲ್ಲ, ಆಗ ಕ್ಯಾರವಾನಿನಲ್ಲಿ ನೀನು ಮಲಗ್ತಿದ್ದದ್ದು ಮೇಲಿನ ಮಂಚದಲ್ಲಾ, ಕೆಳಗಿನದರಲ್ಲಾ?"

ನಾವು ಬಾಡಿಗೆ ಮನೆಯಲ್ಲಿದ್ದೆವು ಕಣೇ, ಅಂದೆ. ಅವಳಿಗೆ ಅದು ಸರಿ ಕಾಣಲಿಲ್ಲ. "ಮತ್ತೆ ನಿಮ್ಮ ಇಟ್ಟಿಗೆ ಎಲ್ಲಾ ಯಾರು ಕಾಯ್ತಿದ್ರು?"

ಇಂಗ್ಲೆಂಡಿನ ಈ ಶ್ರಾಪ್‌ಶೈರ್ ಕಡೆ ಸ್ವಂತ ಮನೆ ಕಟ್ಟಿಸುವವರು ಹೀಗೆ ಸೈಟಿನಲ್ಲೇ ಬಿಡಾರ ಹೂಡುವುದು ಹೊಸದೇನಲ್ಲ. ಹುಡುಗಿಯ ಅಪ್ಪ ಅಮ್ಮ ಪೇಟೆಯ ಮನೆ ಮಾರಿ ಈ ಜಾಗ ತಗೊಂಡರು. ಬ್ಯಾಂಕಿನವರು ಸಾಲವನ್ನು ಕಂತು ಕಂತಾಗಿ ಬಿಡುತ್ತಾರೆ. ಪಾಯ ಆದರೆ ಇಷ್ಟು, ಗೋಡೆ ಎದ್ದರೆ ಇಷ್ಟು, ಚಾವಣಿ ಆದರೆ ಇಷ್ಟು. ಅದರ ಜೊತೆಗೆ ಬಾಡಿಗೆಯನ್ನೂ ಕಟ್ಟುತ್ತಾ ಕೂತರೆ ಕಿಟಕಿಗೆ ದುಡ್ಡು ಉಳಿಯುವುದಿಲ್ಲ. ಅದಕ್ಕೇ ಸಮುದ್ರ ತೀರದ ಯಾವುದೋ ಹಾಲಿಡೇ ಪಾರ್ಕಿನಿಂದ ಹಳೇ ಕ್ಯಾರವಾನ್ ಒಂದನ್ನು ಕೊಂಡು ಲಾರಿಯಲ್ಲಿ ತರಿಸಿದರು. ಉದ್ದ ಸುಮಾರು 35 ಅಡಿ, ಅಗಲ 12. ಕೆಲಸ ನಡೆಯುವಷ್ಟು ದಿನ ಅದನ್ನು ಸೈಟಿನಲ್ಲಿ ಇಟ್ಟುಕೊಂಡು ಇರುವುದಕ್ಕೆ ಸಾಮಾನ್ಯವಾಗಿ ಬೇರೆ ಪರವಾನಗಿ ಬೇಕಾಗುವುದಿಲ್ಲ. ಮನೆ ಮುಗಿದ ಮೇಲೆ ಇನ್ನೊಬ್ಬರಿಗೆ ಮಾರಿದರಾಯ್ತು.

ಸುಖವೇನಿಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ ಎದ್ದರೆ ಗಾಜಿನ ಒಳಗಡೆಯೇ ನೀರು ಇಳಿಯುತ್ತಿರುತ್ತದೆ. ಹಾಸಿಗೆ ಎತ್ತಿ ನೋಡಿದರೆ ಅಡಿಯಲ್ಲಿ ಬೂಷ್ಟು. ಬಾಗಿಲ ಹೊರಗೆ 47 ಕೆಜಿಯ ಎರಡು ಕೆಂಪು ಸಿಲಿಂಡರು, ಎರಡರಲ್ಲೂ ಪ್ರೊಪೇನ್. ಬ್ಯುಟೇನ್ ಆದರೆ ಸೊನ್ನೆ ಡಿಗ್ರಿ ಹತ್ತಿರ ಬಂದಾಗ ಆವಿಯಾಗುವುದೇ ನಿಲ್ಲುತ್ತದೆ, ಒಲೆ ಹತ್ತುವುದಿಲ್ಲ. ಇಷ್ಟೆಲ್ಲಾ ಇದ್ದೂ ಹುಡುಗಿಗೆ ಮಾತ್ರ ಜಂಬ. ಶಾಲೆಯಲ್ಲಿ ಅವಳೊಬ್ಬಳಿಗೇ ಅಂಗಳದಲ್ಲಿ ಜೆಸಿಬಿ ಇರೋದು!

ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ಆ ಕ್ಯಾರವಾನ್ ತೋರಿಸಿದೆ. "ಅಯ್ಯೋ ಪಾಪ, ದುಡ್ಡಿಲ್ವೇನೇ ಅವರಿಗೆ? ಯಾರೂ ನೆಂಟರಿಲ್ವಾ?" ಅಂದಳು. ಮನೆ ಕಟ್ಟಿಸುವ ಯಜಮಾನ ಶೆಡ್ಡಿನಲ್ಲಿ ಇರುವುದು ಅಂದರೆ ಅಮ್ಮನ ಲೆಕ್ಕದಲ್ಲಿ ಮರ್ಯಾದೆಯ ಪ್ರಶ್ನೆ. ತಮಾಷೆ ಅಂದರೆ, ತೀರ್ಥಹಳ್ಳಿ ಕಡೆಯ ತನ್ನ ತವರುಮನೆಯನ್ನು ಬಿಚ್ಚಿ ಕಟ್ಟಿದಾಗ ಅವಳೇ ಒಂದು ಬೇಸಿಗೆ ಪೂರ್ತಿ ಕೊಟ್ಟಿಗೆಯಲ್ಲಿ ಮಲಗಿದ್ದವಳು. ದನಗಳನ್ನು ಒಂದು ಪಕ್ಕಕ್ಕೆ ಕಟ್ಟಿ, ಇನ್ನೊಂದು ಪಕ್ಕ ಸಗಣಿ ಸಾರಿಸಿ, ಚಾಪೆ ಹಾಸಿಕೊಂಡು. ಮಳೆ ಹಿಡಿಯುವುದರೊಳಗೆ ಹೆಂಚು ಹೊದಿಸಿದರೆ ಸಾಕಪ್ಪಾ ಅಂತ ದಿನವೂ ಆಕಾಶ ನೋಡುತ್ತಿದ್ದರಂತೆ. ಆ ಕಥೆಯನ್ನು ಖುಷಿಯಿಂದಲೇ ಹೇಳುತ್ತಾಳೆ. ಮೈಸೂರಿಗೆ ಬಂದು 30–40 ಸೈಟು ಕೊಂಡ ಮೇಲೆ ಲೆಕ್ಕ ಬದಲಾಯಿತು, ಅಷ್ಟೆ.

ನಮ್ಮ ಇಟ್ಟಿಗೆ ಕಾದವರು ಯಾದಗಿರಿ ಕಡೆಯಿಂದ ಬಂದಿದ್ದ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಮೊದಲು ಸೈಟಿನ ಮೂಲೆಯಲ್ಲಿ ಬ್ಲಾಕುಗಳನ್ನು ಸುಮ್ನೆ ಒಂದರ ಮೇಲೊಂದು ಜೋಡಿಸಿ, ಮೇಲೆ ಜಿಂಕ್ ಶೀಟು ಎಳೆದು, ಹಾರದ ಹಾಗೆ ಕಲ್ಲು ಹೇರಿದ ಗೂಡು. ಒಳಗೆ ಅರ್ಧ ಜಾಗ ಸಿಮೆಂಟ್ ಮೂಟೆಗೆ. ಚಾವಣಿಗೆ ಮೋಲ್ಡ್ ಹಾಕಿದ ಮೇಲೆ ಅವರು ಮನೆಯ ಒಳಕ್ಕೇ ಬಂದರು. ಆಕೆ ಹಗಲು ಮರಳು ಹೊರುತ್ತಿದ್ದಳು. ಬೆಳಿಗ್ಗೆ ಸಂಜೆ ಗೋಡೆಗೆ ನೀರು ಹೊಡೆಯುತ್ತಿದ್ದವಳೂ ಆಕೆಯೇ. ಮೇಲೆ ತಾರಸಿಯಲ್ಲಿ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದರು. ಅದು ಆರದ ಹಾಗೆ ನೋಡಿಕೊಳ್ಳುವುದು ಮಕ್ಕಳ ಕೆಲಸ. ದೊಡ್ಡವಳಿಗೆ ನನ್ನದೇ ವಯಸ್ಸು. ನಾನು ಶಾಲೆ ಮುಗಿಸಿ ಅಪ್ಪನ ಸ್ಕೂಟರಿನಲ್ಲಿ "ನಮ್ಮ ಮನೆ" ನೋಡಲು ಹೋಗುವ ಹೊತ್ತಿಗೆ ಅವಳು ಬಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿರುತ್ತಿದ್ದಳು.

ಅವರು ಅಡುಗೆ ಮಾಡುತ್ತಿದ್ದದ್ದು ಮುಂದೆ ನನ್ನ ಕೋಣೆಯಾದ ಜಾಗದಲ್ಲಿ. ಮೂರು ಇಟ್ಟಿಗೆಯ ಒಲೆ, ಸೆಂಟ್ರಿಂಗಿನ ಚಕ್ಕೆಯೇ ಸೌದೆ. ಗೋಡೆಗೆ ಹಿಡಿದ ಆ ಮಸಿ ಪ್ರೈಮರ್ ಹೊಡೆದರೂ ಬಿಡಲಿಲ್ಲ. ಪೇಂಟರ್ ಗೊಣಗಿಕೊಂಡು ಮತ್ತೆ ಕೆರೆದು ಪುಟ್ಟಿ ಹಾಕಿದ. ಆಮೇಲೂ ಮಳೆಗಾಲದ ತಂಡಿಗೆ ಮಂಚದ ಪಕ್ಕದಲ್ಲಿ, ನನ್ನ ಮೊಣಕೈ ಎತ್ತರಕ್ಕೆ, ಹಳದಿ ನೆರಳು ಏಳುತ್ತಿತ್ತು.

ಗೃಹಪ್ರವೇಶಕ್ಕೆ ಹಸು ಕರು ತಂದು, ಶಾಸ್ತ್ರದಂತೆ ಅದನ್ನೇ ಮೊದಲು ಒಳಕ್ಕೆ ಬಿಟ್ಟೆವು. ಆ ಮನೆಯಲ್ಲಿ ಆಗಲೇ ಒಂದು ಸಂಸಾರ ಉಂಡು ಮಲಗಿ ಎದ್ದಿತ್ತು, ಅದು ಯಾವ ಶಾಸ್ತ್ರಕ್ಕೂ ಲೆಕ್ಕವಿಲ್ಲ. ಅವರಿಗೆ ಎಲೆ ಅಡಿಕೆಯ ಜೊತೆ ಸೀರೆ ಪಂಚೆ ಕೊಟ್ಟರು, ಊಟ ಹಾಕಿದರು. ಅಪ್ಪ ಕೆಟ್ಟವರಲ್ಲ, ಅವತ್ತಿಗೆ ಎಲ್ಲರೂ ಮಾಡುತ್ತಿದ್ದುದಕ್ಕಿಂತ ಸ್ವಲ್ಪ ಜಾಸ್ತಿಯೇ ಕೊಟ್ಟರು. ಮಾರನೇ ದಿನ ಅವರು ರಿಂಗ್ ರೋಡ್ ಆಚೆಯ ಇನ್ನೊಂದು ಸೈಟಿಗೆ ಹೊರಟರು. ಜಿಂಕ್ ಶೀಟೂ ಮೇಸ್ತ್ರಿಯ ಲಾರಿಯಲ್ಲಿ ಅವರ ಹಿಂದೆಯೇ ಹೋಯಿತು.

ಇಲ್ಲಿಯವರೇ ದೊಡ್ಡವರು ಅನ್ನುತ್ತಿಲ್ಲ. ಇಲ್ಲೂ ಸೈಟಿನಿಂದ ತಾಮ್ರದ ಪೈಪು ಕದಿಯುತ್ತಾರೆ. ಯಜಮಾನರೇ ಅಲ್ಲಿ ಮಲಗುವುದಕ್ಕೆ ಅದೂ ಒಂದು ಕಾರಣ. ಕಾವಲಿಗೆ ಒಂದು ಸಂಸಾರವನ್ನೇ ತಂದು ಇರಿಸಿಕೊಳ್ಳುವಷ್ಟು ಅಗ್ಗದ ಕೂಲಿ ಇಲ್ಲಿಲ್ಲ. ಗಾರೆಯವನು ಸಂಜೆಗೆ ತನ್ನ ವ್ಯಾನ್ ಹತ್ತಿ ತನ್ನ ಮನೆಗೆ ಹೋಗುತ್ತಾನೆ. ಅವನು ಬರುವ ಮೊದಲೇ ಸೈಟಿಗೆ ಟಾಯ್ಲೆಟ್ ಬಂದಿರಬೇಕು, ಅದು ಇಲ್ಲಿನ ಕಾನೂನು. ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಕಲಮಿನಲ್ಲೇ ಕೆಲಸಗಾರರಿಗೆ ಪುಕ್ಕಟೆ ವಸತಿ, ಬೇರೆ ಅಡುಗೆ ಜಾಗ, ಬಚ್ಚಲು, ಪಾಯಿಖಾನೆ ಕೊಡಬೇಕು ಅಂತ ಬರೆದಿತ್ತು. ಕೆಲಸ ಮುಗಿದ ಮೇಲೆ ಶೆಡ್ಡು ಕಿತ್ತು ನೆಲ ಸಮ ಮಾಡಬೇಕು ಅಂತಲೂ ಇತ್ತು. ಆ ಕಾಯ್ದೆ ಹತ್ತು ಜನರಿಗಿಂತ ಕಡಿಮೆ ಇರುವ ಕಡೆಗೆ ಅನ್ವಯಿಸುತ್ತಿರಲಿಲ್ಲ. ಅನ್ವಯಿಸಿದ ಕಡೆಯೂ ನೆಲ ಸಮ ಮಾಡುವ ಮಾತೊಂದನ್ನು ನಾವು ಚೆನ್ನಾಗಿ ಪಾಲಿಸಿದ್ದೇವೆ, ಅಲ್ವಾ?

ಈಗ ನನ್ನ ತಮ್ಮ ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಗುದ್ದಲಿ ಪೂಜೆ ಹತ್ತಿರ ಬಂದಿದೆ. ಪ್ಲಾನ್ ಕಳಿಸಿ ಹೇಗಿದೆ ಅಂದ. ವಾಚ್‌ಮನ್ ಸಂಸಾರ ಎಲ್ಲಿರುತ್ತೆ ಅಂತ ಕೇಳಿದೆ. "ಅದನ್ನ ಮೇಸ್ತ್ರಿ ನೋಡ್ಕೋತಾನೆ ಬಿಡಕ್ಕ" ಅಂದ. ಸಿಮೆಂಟಿಗೆ ನೀರು ಬೇಕು ಅಂತ ಪಾಯಕ್ಕೂ ಮುಂಚೆ ಸಂಪು ತೋಡಿಸ್ತೀಯಲ್ಲ, ಜೊತೆಗೆ ಒಂದು ಟಾಯ್ಲೆಟ್ ಗುಂಡಿ ತೋಡಿಸಿ, ಚಿಲಕ ಇರೋ ಬಾಗಿಲು ಇಡಿಸೋ ಅಂದೆ. ಖರ್ಚು ನಾನು ಕೊಡ್ತೀನಿ ಅಂತಲೂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ.

"ಗೀಸರೂ ಹಾಕಿಸ್ಲೇನಕ್ಕ?"

ಸೋಲಾರ್ ಹಾಕಿಸು, ಆಮೇಲೆ ನಿನ್ನ ತಾರಸಿಗೇ ಎತ್ತಿ ಇಟ್ಕೋಬಹುದು ಅಂದೆ.