ಬೆಟ್ಟ ಏರುವ ರೋಡ್ ಬೈಕ್, ಕೈಗೆಟಕುವ ಬೆಲೆಯಲ್ಲಿ

ರೋಡ್ ಬೈಕ್, ಅಂದರೆ ಡಾಂಬರು ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್ಲು, ಕೊಳ್ಳಲು ಹೊರಟಾಗ ಮೊದಲು ನನ್ನನ್ನು ಸೆಳೆದದ್ದು ಕಾರ್ಬನ್ ಫೋರ್ಕ್, ಅಂದರೆ ಮುಂಚಕ್ರವನ್ನು ಹಿಡಿದಿಡುವ ಹಗುರವಾದ ಕಾರ್ಬನ್ ಕವಲು. ಆದರೆ ನಂದಿ ಬೆಟ್ಟದ ಏರನ್ನು ನೆನೆದಾಗ, ಹಣ ಹಾಕಬೇಕಾದದ್ದು ಗೇರು, ಬ್ರೇಕು ಮತ್ತು ಚಕ್ರಗಳಿಗೆ ಎಂಬುದು ಮನವರಿಕೆಯಾಯಿತು. ಶಿಮಾನೋ ಕಂಪನಿಯ ಗೇರು ಸೆಟ್ಟುಗಳ ಪೈಕಿ ಕ್ಲಾರಿಸ್‌ನಲ್ಲಿ ಹಿಂಚಕ್ರಕ್ಕೆ 8 ಗೇರುಗಳು, ಸೋರಾದಲ್ಲಿ 9. ಎರಡರಲ್ಲೂ ಬ್ರೇಕಿನ ಹಿಡಿಯಿಂದ ಕೈ ತೆಗೆಯದೆ ಗೇರು ಬದಲಿಸಬಹುದಾದ್ದರಿಂದ, ಹೊಸಬರಿಗೆ ಕ್ಲಾರಿಸ್ ಧಾರಾಳವಾಗಿ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ಏರಿನಲ್ಲಿ ಮಂಡಿಯನ್ನು ಕಾಯುವುದು ಹಲ್ಲುಗಳ ಲೆಕ್ಕ: ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 34, ಹಿಂದಿನ ದೊಡ್ಡದಕ್ಕೆ 32 ಹಲ್ಲುಗಳಿದ್ದರೆ, ಪೆಡಲಿನ ಒಂದು ಸುತ್ತಿಗೆ ಹಿಂಚಕ್ರ ಒಂದು ಸುತ್ತಿಗಿಂತ ತುಸುವೇ ಹೆಚ್ಚು ತಿರುಗುತ್ತದೆ; ಹಾಗಾಗಿ ಪೆಡಲು ತುಳಿಯಲು ಹಗುರವಾಗುತ್ತದೆ. ಟೈರು 28 ಮಿ.ಮೀ. ಅಗಲ ಇರಲಿ ಎಂದು ಕೇಳಿ ಪಡೆದೆ. ಕೊನೆಗೆ ಅಂಗಡಿಯಲ್ಲೇ ಹಿಂಚಕ್ರವನ್ನು ಎತ್ತಿ ತಿರುಗಿಸಿ, ರಿಮ್ಮು ಬ್ರೇಕಿನ ರಬ್ಬರಿನತ್ತ ಓಲಾಡುತ್ತದೆಯೇ ಎಂದು ಬಗ್ಗಿ ನೋಡಿ, ಅದು ನೇರವಾಗಿ ಸುತ್ತಿದ ಮೇಲೆಯೇ ಹಣ ಕೊಟ್ಟೆ.