ಬೋರ್ಡಿನ ಮೇಲೆ ರಾಜಕುಮಾರಿ ಹೆಸರಿದ್ದರೆ ಸೈನ್ಸ್ ಬರ್ತದಾ?

ಊರಿಗೆ ಬಂದಾಗಲೆಲ್ಲ ಈ ಪ್ರಶ್ನೆ ಗ್ಯಾರಂಟಿ. ನಾನು ಥಾಯ್ಲೆಂಡಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡಲು ಶುರು ಮಾಡಿ ಹನ್ನೊಂದು ವರ್ಷ ಆಯಿತು. ಅಲ್ಲಿ ಬುದ್ಧಿವಂತ ಮಕ್ಕಳಿಗೆ ಅಂತಲೇ ಇರುವ ಸರ್ಕಾರಿ ಸೈನ್ಸ್ ಶಾಲೆಗಳಿಗೆ ರಾಜಮನೆತನದವರ ಹೆಸರು. ಒಲಿಂಪಿಯಾಡ್ ಎಂಬ ಅಂತರರಾಷ್ಟ್ರೀಯ ವಿದ್ಯಾರ್ಥಿ ಸ್ಪರ್ಧೆಗಳ ತರಬೇತಿಗೆ ಒಬ್ಬ ರಾಜಕುಮಾರಿಯ ಆಶ್ರಯ. ಜಿನೀವಾದ ಸರ್ನ್ ಎಂಬ ಕಣವಿಜ್ಞಾನ ಪ್ರಯೋಗಾಲಯಕ್ಕೆ ಹೋಗುವ ವಿದ್ಯಾರ್ಥಿಗಳ ಹಿಂದೆ ಇನ್ನೊಬ್ಬ ರಾಜಕುಮಾರಿ. ಇದನ್ನೆಲ್ಲ ಹೇಳಿದರೆ ಸುಳ್ಯದ ನಮ್ಮ ಭಾವ ಎಲೆಯಡಿಕೆ ಜಗಿಯುತ್ತಾ ಕೇಳುವುದು ಒಂದೇ: "ಅಲ್ಲ ಭಾವ, ಬೋರ್ಡಿನ ಮೇಲೆ ರಾಜಕುಮಾರಿ ಹೆಸರು ಬರೆದರೆ ಮಕ್ಕಳಿಗೆ ಸೈನ್ಸ್ ಬರ್ತದಾ?" ಬೆಂಗಳೂರಿನ ಗೆಳೆಯರು ಇದನ್ನೇ ಸ್ವಲ್ಪ ನಯವಾಗಿ ಕೇಳುತ್ತಾರೆ, ಅಷ್ಟೇ.

ಬರುವುದಿಲ್ಲ. ಆದರೆ ಹೆಸರಿದ್ದರೆ ಶಾಲೆ ಮುಚ್ಚುವುದು ಕಷ್ಟ. ನನ್ನ ಉತ್ತರ ಇಷ್ಟೇ. ಉಳಿದದ್ದು ಪುರಾಣ, ಪುರಸೊತ್ತಿದ್ದರೆ ಓದಿ.

ಥಾಯ್ಲೆಂಡಿನಲ್ಲಿ ರಾಜರಿಗೂ ವಿಜ್ಞಾನಕ್ಕೂ ನಂಟು ಹಳೆಯದು. ಮೊಂಗ್‌ಕುಟ್ ಅಂತ ಒಬ್ಬ ರಾಜ. ಪಟ್ಟಕ್ಕೆ ಬರುವ ಮುಂಚೆ 27 ವರ್ಷ ಬೌದ್ಧ ಭಿಕ್ಷುವಾಗಿದ್ದ. ಆಗಲೇ ಪಾದ್ರಿಗಳ ಹತ್ತಿರ ಲ್ಯಾಟಿನ್, ಇಂಗ್ಲಿಷ್ ಕಲಿತ. ಖಗೋಳದ ಹುಚ್ಚೂ ಹತ್ತಿಸಿಕೊಂಡ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ ಆಗುತ್ತದೆ, ವಾ ಕೊ ಎಂಬ ಸಮುದ್ರದಂಡೆಯ ಹಳ್ಳಿಯಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ತಾನೇ ಲೆಕ್ಕ ಹಾಕಿದ. ಫ್ರಾನ್ಸಿನ ಖಗೋಳಜ್ಞರನ್ನು, ಸಿಂಗಾಪುರದ ಬ್ರಿಟಿಷ್ ಗವರ್ನರನ್ನು ಕರೆಸಿದ. ಗ್ರಹಣ ಹೇಳಿದ ಹೊತ್ತಿಗೇ ಆಯಿತು. ಆರೂ ಮುಕ್ಕಾಲು ನಿಮಿಷ ಹಗಲಲ್ಲೇ ಕತ್ತಲು. ಆದರೆ ಆ ಜೌಗು ಜಾಗದ ಸೊಳ್ಳೆ ರಾಜನನ್ನೂ ಬಿಡಲಿಲ್ಲ. ಮಲೇರಿಯಾ ಹಿಡಿದು ಅಕ್ಟೋಬರ್ 1ಕ್ಕೆ ತೀರಿಕೊಂಡ. ಇವತ್ತಿಗೂ ಆಗಸ್ಟ್ 18 ಅಲ್ಲಿ ರಾಷ್ಟ್ರೀಯ ವಿಜ್ಞಾನ ದಿನ.

ಈ ಕಥೆ ಹೇಳುವಾಗ ನಾನು ತರಗತಿಯಲ್ಲಿ ನಮ್ಮ ಊರಿನದೂ ಒಂದು ಬಾಲ ಸೇರಿಸುತ್ತೇನೆ. ಅದೇ ನೆರಳು ವಾ ಕೊಗೆ ಹೋಗುವ ಮುಂಚೆ ಬೆಳಿಗ್ಗೆ ನಮ್ಮ ಜಮಖಂಡಿ, ಬಿಜಾಪುರದ ಮೇಲೆ ಹಾದುಹೋಗಿತ್ತು. ಜಮಖಂಡಿಯಲ್ಲಿ ದೂರದರ್ಶಕ ಇಟ್ಟುಕೊಂಡು ಕೂತಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್, ಯುರೇನಸ್ ಕಂಡುಹಿಡಿದ ಹರ್ಷೆಲ್ಲನ ಮೊಮ್ಮಗ. ಆಗಸ್ಟ್ ತಿಂಗಳು, ಮೋಡ ಇರದೆ ಇರುತ್ತಾ? ಮೋಡದ ಸಂದಿಯಲ್ಲಿ ಸ್ವಲ್ಪ ಹೊತ್ತು ಸಿಕ್ಕಿದ್ದರಲ್ಲೇ ಸೂರ್ಯನ ಅಂಚಿನ ಜ್ವಾಲೆಯ ಬೆಳಕಿನಲ್ಲಿ ಮೂರು ಗೆರೆ ಕಂಡ. ಕೆಂಪು, ಕಿತ್ತಳೆ, ನೀಲಿ. ನಡುವಿನದು ಹೀಲಿಯಂ ಎಂದು ಆಮೇಲೆ ಗೊತ್ತಾಯಿತು. ಭೂಮಿಯ ಮೇಲೆ ಹೀಲಿಯಂ ಕೈಗೆ ಸಿಕ್ಕಿದ್ದು 1895ರಲ್ಲಿ, ವಿಲಿಯಂ ರಾಮ್ಸೆಗೆ. ಅದೇ ರಾಮ್ಸೆ ಮುಂದೆ ಭಾರತಕ್ಕೆ ಬಂದು ಊರೂರು ಸುತ್ತಿ, ಟಾಟಾ ಕಟ್ಟಬೇಕೆಂದಿದ್ದ ವಿಜ್ಞಾನ ಸಂಸ್ಥೆಗೆ ಬೆಂಗಳೂರೇ ಸರಿ ಎಂದ. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು, ವರ್ಷಕ್ಕೆ 50,000 ರೂಪಾಯಿಯನ್ನೂ ಕೊಟ್ಟಿತು. ಮೊದಲ ಡೈರೆಕ್ಟರ್ ಆಗಿ ಬಂದ ಟ್ರಾವರ್ಸ್ ರಾಮ್ಸೆಯ ಜೊತೆ ಕೆಲಸ ಮಾಡಿದವನೇ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಆ ಸಂಸ್ಥೆಯನ್ನು ನಾವು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತೇವೆ. ಜಾಗ ಕೊಟ್ಟವರ ಹೆಸರು ಎಷ್ಟು ಜನಕ್ಕೆ ನೆನಪಾಗುತ್ತೆ?

ಅಂದರೆ ರಾಜರ ಜಾಗ, ರಾಜರ ದುಡ್ಡು, ಹೊರದೇಶದ ತಜ್ಞರು ಎಂಬ ಈ ಅಡುಗೆ ನಮಗೂ ಹೊಸದಲ್ಲ. ಥಾಯ್ಲೆಂಡಿನಲ್ಲಿ ಒಲೆ ಇನ್ನೂ ಆರಿಲ್ಲ, ಅಷ್ಟೇ ವ್ಯತ್ಯಾಸ.

ಮೊಂಗ್‌ಕುಟ್‌ನ ಮೊಮ್ಮಗ ರಾಜಕುಮಾರ ಮಹಿಡೋಲ್ ಹಾರ್ವರ್ಡಿನಲ್ಲಿ ಡಾಕ್ಟರಿಕೆ ಓದಿದ. ರಾಕ್‌ಫೆಲರ್ ಫೌಂಡೇಶನ್ ಜೊತೆ ಮಾತಾಡಿ ಬ್ಯಾಂಕಾಕಿನ ಮೆಡಿಕಲ್ ಶಿಕ್ಷಣಕ್ಕೆ ಹೊಸ ರೂಪ ಕೊಡಿಸಿದ. ಸ್ವಂತ ದುಡ್ಡಿನಿಂದ ಹುಡುಗರನ್ನು ಹೊರದೇಶಕ್ಕೆ ಓದಲು ಕಳಿಸಿದ. ಇವತ್ತು ತುಂಬಾ ಕಷ್ಟದ ಪ್ರವೇಶ ಪರೀಕ್ಷೆ ಇರುವ ಸೈನ್ಸ್ ಹೈಸ್ಕೂಲು, ಮಹಿಡೋಲ್ ವಿತಯಾನುಸೋರ್ನ್, ಇರುವುದು ಅವನ ಹೆಸರಲ್ಲಿ. ಅವನ ಮಗಳು ಗಲ್ಯಾಣಿ ವಧನಾ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಕೆಮಿಸ್ಟ್ರಿ ಓದಿದವರು. 1989ರಲ್ಲಿ ಥಾಯ್ಲೆಂಡ್ ಮೊದಲ ಸಲ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿಗೆ ಮಕ್ಕಳನ್ನು ಕಳಿಸಿತು. ಭಾರತ ಮೊದಲ ಸಲ ಹೋಗಿದ್ದೂ ಅದೇ ವರ್ಷವೇ. ಶುರುವಿನ ದಿನಗಳಲ್ಲಿ ಮಕ್ಕಳ ಪ್ರಯಾಣಕ್ಕೆ ಗಲ್ಯಾಣಿ ತಮ್ಮ ಕೈಯಿಂದಲೇ ಹಣ ಹಾಕಿದರು. 1999ರಲ್ಲಿ ಅವರ ಆಶ್ರಯದಲ್ಲಿ ಒಲಿಂಪಿಯಾಡ್ ತರಬೇತಿಗೆ ಅಂತಲೇ ಒಂದು ಪ್ರತಿಷ್ಠಾನ ಆಯಿತು. ಮಕ್ಕಳ ಬಾಯಲ್ಲಿ ಅದು "ಸೊ-ವೊ-ನೊ". "ಸೊ-ವೊ-ನೊ ಕ್ಯಾಂಪಿಗೆ ಸೆಲೆಕ್ಟ್ ಆದೆ ಸರ್" ಎಂದು ಹೇಳುವ ಹುಡುಗನ ಮುಖ ನೋಡಬೇಕು. ಮೆಡಲ್ ಬಂದಷ್ಟೇ ಖುಷಿ.

ಈ ಕ್ಯಾಂಪುಗಳು ಬ್ಯಾಂಕಾಕಿನಲ್ಲಿ ಮಾತ್ರ ನಡೆಯುವುದಿಲ್ಲ. ಬೇರೆ ಬೇರೆ ಪ್ರಾಂತ್ಯಗಳ ವಿಶ್ವವಿದ್ಯಾಲಯಗಳಲ್ಲಿ ಸೆಂಟರ್‌ಗಳಿವೆ. ರಜದಲ್ಲಿ ಮಕ್ಕಳು ಅಲ್ಲೇ ಉಳಿದು ಕಲಿಯುತ್ತಾರೆ. ಗಲ್ಯಾಣಿ 2008ರ ಜನವರಿಯಲ್ಲಿ ತೀರಿಕೊಂಡರು. ಕ್ಯಾಂಪ್ ನಿಲ್ಲಲಿಲ್ಲ. ಅದಕ್ಕೆ ಮುಂಚೆ 2006ರಲ್ಲಿ ಒಮ್ಮೆ, ಆಮೇಲೆ 2014ರಲ್ಲಿ ಇನ್ನೊಮ್ಮೆ ಸೇನೆ ಅಧಿಕಾರ ಹಿಡಿಯಿತು. ಶಿಕ್ಷಣ ಮಂತ್ರಿಗಳು ಎಷ್ಟು ಜನ ಬಂದು ಹೋದರೋ, ನಾನು ಲೆಕ್ಕ ಇಡುವುದನ್ನೇ ಬಿಟ್ಟೆ. ಆಗಲೂ ಕ್ಯಾಂಪ್ ನಿಲ್ಲಲಿಲ್ಲ. ನಮ್ಮಲ್ಲೂ 1999ರಲ್ಲೇ, ಪರೀಕ್ಷೆ ಮಾಡಿ ಸೈನ್ಸ್ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ ಶುರುವಾಗಿತ್ತು. ಕೆವಿಪಿವೈ ಅಂದರೆ ಬೇಗ ಗೊತ್ತಾಗುತ್ತೆ, ಅದೇ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಐಐಎಸ್ಸಿ, ನಡೆಸುತ್ತಿತ್ತು. ಒಳ್ಳೆಯ ಹೆಸರಿತ್ತು. 2022ರಲ್ಲಿ ಅದನ್ನು ಇನ್ನೊಂದು ಯೋಜನೆಯೊಳಗೆ ಸೇರಿಸಿ ಪರೀಕ್ಷೆ ನಿಲ್ಲಿಸಿದರು. ಅದಕ್ಕೆ ಓದುತ್ತಿದ್ದ ಮಕ್ಕಳು ಪುಸ್ತಕ ಮುಚ್ಚಿಟ್ಟರು. ಯಾರನ್ನು ಕೇಳುವುದು?

ಶಾಲೆ ಮುಚ್ಚುವುದು ಕಷ್ಟ ಅಂದೆನಲ್ಲ, ಅದು ಇದೇ. ಹೆಸರಿನ ಎರಡನೇ ಉಪಯೋಗ ಬಾಗಿಲು ತೆರೆಸುವುದು. ರಾಜಕುಮಾರಿ ಸಿರಿಂಧೋರ್ನ್ 2000ದಲ್ಲಿ ಮೊದಲ ಸಲ ಸರ್ನ್‌ಗೆ ಹೋದರು. ಮತ್ತೆ ಮತ್ತೆ ಹೋದರು. ಥಾಯ್ಲೆಂಡ್ ಸರ್ನ್‌ನ ಸದಸ್ಯ ದೇಶ ಅಲ್ಲ. ಆದರೂ 2010ರಿಂದ ಅಲ್ಲಿನ ಬೇಸಿಗೆ ಶಿಬಿರಕ್ಕೆ ಥಾಯ್ ವಿದ್ಯಾರ್ಥಿಗಳು ಹೋಗುತ್ತಿದ್ದಾರೆ, ಶಿಕ್ಷಕರೂ ಹೋಗಿ ಬರುತ್ತಾರೆ. ಜರ್ಮನಿಯ ಲಿಂಡೌನಲ್ಲಿ ನೊಬೆಲ್ ವಿಜ್ಞಾನಿಗಳು ಯುವಜನರನ್ನು ಭೇಟಿಯಾಗುವ ಸಭೆಗೂ ಇದೇ ಕಥೆ. ಸಾಮಾನ್ಯ ಅಧಿಕಾರಿಯೊಬ್ಬರು ಪತ್ರ ಬರೆದಿದ್ದರೆ ಉತ್ತರ ಬರಲು ಎಷ್ಟು ವರ್ಷ ಬೇಕಿತ್ತೋ.

ಸಿರಿಂಧೋರ್ನ್ ಬಗ್ಗೆ ಇನ್ನೊಂದು ಮಾತು. ಅಲ್ಲಿನ ಯಾವುದೇ ಸರ್ಕಾರಿ ಕಚೇರಿಗೆ ಹೋಗಿ, ಅವರ ಫೋಟೋ ಇದ್ದರೆ ನೋಡಿ. ಕುತ್ತಿಗೆಗೆ ಕ್ಯಾಮೆರಾ, ಕೈಯಲ್ಲಿ ನೋಟ್‌ಬುಕ್. ಹೋದಲ್ಲೆಲ್ಲ ಬರೆದುಕೊಳ್ಳುತ್ತಾರೆ. ಇನ್ನೊಬ್ಬ ರಾಜಕುಮಾರಿ ಚುಳಾಭರಣ್ ಸಾವಯವ ರಸಾಯನದಲ್ಲಿ ಪಿಎಚ್‌ಡಿ ಮಾಡಿದವರು. ಆಶ್ರಯ ಕೊಟ್ಟವರಿಗೆ ವಿಷಯದಲ್ಲಿ ನಿಜವಾದ ಆಸಕ್ತಿ ಇದ್ದರೆ ಕೆಳಗಿನವರು ಸುಮ್ನೆ ರಿಬ್ಬನ್ ಕಟ್ ಮಾಡಿಸಿ ಕಳಿಸಲು ಆಗುವುದಿಲ್ಲ, ಅಲ್ವಾ?

ಚುಳಾಭರಣ್ ಅವರ 36ನೇ ಹುಟ್ಟುಹಬ್ಬದ ನೆನಪಿಗೆ 1993ರಲ್ಲಿ ಶುರುವಾದ ಶಾಲೆಗಳು ಈಗ 12 ಇವೆ. ನನಗೆ ಜಾಸ್ತಿ ಇಷ್ಟ ಆಗುವುದು ಇವೇ. ಎಲ್ಲವೂ ರಾಜಧಾನಿಯ ಹೊರಗೆ. ಉತ್ತರದಲ್ಲಿ ಚಿಯಾಂಗ್ ರಾಯ್, ಲಾವೋಸ್ ಗಡಿಯಲ್ಲಿ ಮುಕ್ದಹಾನ್, ಮಲೇಶಿಯಾ ಗಡಿಯಲ್ಲಿ ಸತುನ್. ಹಾಸ್ಟೆಲ್ ಅಲ್ಲೇ. ಒಂದು ತರಗತಿಗೆ 24 ಮಕ್ಕಳು. ನಮ್ಮ ನವೋದಯ ಶಾಲೆಯನ್ನು ನೆನಪಿಸಿಕೊಳ್ಳಿ, ಅದರ ಮೇಲೆ ಒಳ್ಳೆಯ ಲ್ಯಾಬ್ ಸೇರಿಸಿ. ಜಪಾನಿನ ಸೈನ್ಸ್ ಹೈಸ್ಕೂಲುಗಳ ಜೊತೆ ಇವಕ್ಕೆ ಜೋಡಿ ಇದೆ. ಎರಡೂ ದೇಶದ ಮಕ್ಕಳು ಸೇರುವ ವಿಜ್ಞಾನ ಮೇಳ ನಡೆಯುತ್ತೆ. ಕೆಲವರು ಜಪಾನಿನ ಕೋಸೆನ್ ಎಂಬ ತಾಂತ್ರಿಕ ಕಾಲೇಜುಗಳಿಗೂ ಹೋಗುತ್ತಾರೆ.

ಅಂಥ ಒಂದು ಮೇಳದಲ್ಲಿ ಪೋಸ್ಟರ್ ನೋಡುತ್ತಾ ನಡೆಯುತ್ತಿದ್ದೆ. ಒಂದು ಕಡೆ ಮೂಗಿಗೆ ಪರಿಚಯದ ವಾಸನೆ ಬಂತು. ರಬ್ಬರ್ ಶೀಟ್! ಸುಳ್ಯದ ಕಡೆಯವರಿಗೆ ಈ ವಾಸನೆ ಬಿಡಿಸಿ ಹೇಳಬೇಕಿಲ್ಲ. ತ್ರಾಂಗ್ ಪ್ರಾಂತ್ಯದ ಹುಡುಗಿ, ಹದಿನಾರು ವರ್ಷ ಇರಬಹುದು. ಅಪ್ಪ ಅಮ್ಮ ರಬ್ಬರ್ ಟ್ಯಾಪಿಂಗ್ ಮಾಡುವವರು. ರಬ್ಬರ್ ಹಾಲು ಗಟ್ಟಿಯಾಗಲು ಟ್ರೇಗೆ ಫಾರ್ಮಿಕ್ ಆಸಿಡ್ ಹಾಕುತ್ತಾರಲ್ಲ, ಅದರ ಬದಲು ಇದ್ದಿಲು ಸುಡುವಾಗ ಹೊಗೆ ತಣಿದು ಸಿಗುವ ಹುಳಿ ನೀರು ಹಾಕಿದರೆ ಏನಾಗುತ್ತೆ ಎಂದು ನೋಡಿದ್ದಳು. ಅಮ್ಮನ ಕೈಬೆರಳು ಆಸಿಡ್ಡಿಗೆ ಸಿಪ್ಪೆ ಏಳುತ್ತೆ, ಅದಕ್ಕೇ ಶುರು ಮಾಡಿದೆ ಎಂದಳು. ಪಕ್ಕದಲ್ಲಿ ಅವಳ ಜೋಡಿ, ಜಪಾನಿನ ಹುಡುಗ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಶೀಟನ್ನು ಎಳೆದು ಎಷ್ಟು ಉದ್ದಕ್ಕೆ ಹರಿಯುತ್ತೆ ಎಂದು ಅವಳು ಅಳೆದಿದ್ದಳು. ಅವನು ಬಂದವನೇ, ವಾಸನೆಯನ್ನು ಯಾಕೆ ಅಳೆದಿಲ್ಲ ಎಂದು ಕೇಳಿದನಂತೆ. ಅವಳಿಗೆ ಅದು ಹೊಳೆದೇ ಇರಲಿಲ್ಲ. ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಬೆಳೆದವಳಿಗೆ ಅದು ವಾಸನೆ ಅಂತಲೇ ಅನ್ನಿಸುವುದಿಲ್ಲವಲ್ಲ. ಆಮೇಲೆ ಹತ್ತು ಜನರ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದೇ ಶೀಟ್ ಮೂಸಿಸಿ, ಅಂಕ ಹಾಕಿಸಿದ್ದರು. ಆ ಕಾಲಮ್ಮು ಪೋಸ್ಟರ್‌ನಲ್ಲಿ ಕೊನೆಗೆ ಪೆನ್ನಲ್ಲಿ ಸೇರಿಸಿದ್ದು.

ಅಂತರರಾಷ್ಟ್ರೀಯ ಸಹಯೋಗ ಅಂದರೆ ಒಪ್ಪಂದಕ್ಕೆ ಸಹಿ ಹಾಕುವ ಫೋಟೋ ಅಂದುಕೊಂಡಿದ್ದೆ ನಾನು. ಅವತ್ತಿನಿಂದ ಆ ಪೆನ್ನಿನ ಕಾಲಮ್ಮೇ ನೆನಪಾಗುತ್ತೆ.

ಹಾಗಂತ ಎಲ್ಲ ಚಂದ ಅಂತಲ್ಲ. ಒಂದು ಶಾಲೆಗೆ ಗಣ್ಯರು ಬರುವವರಿದ್ದರು. ಮೂರು ವಾರ ಮುಂಚೆಯೇ ಗೋಡೆಗೆ ಸುಣ್ಣಬಣ್ಣ. ಹೇಗೆ ಮಂಡಿಯೂರಬೇಕು, ಎಷ್ಟು ತಲೆ ಬಗ್ಗಿಸಬೇಕು ಎಂದು ಮಕ್ಕಳಿಗೆ ದಿನಾ ರಿಹರ್ಸಲ್. ನಾನು ಅಲ್ಲಿ ಒಂದು ವರ್ಕ್‌ಶಾಪ್ ಮಾಡಲು ಹೋಗಿದ್ದೆ. ಲ್ಯಾಬ್ ಬೀಗ ಹಾಕಿತ್ತು, ಟೇಬಲ್ ಗಲೀಜಾಗಬಾರದು ಅಂತ! ಮೂರು ವಾರ ಸೈನ್ಸ್ ಶಾಲೆಯಲ್ಲಿ ಸೈನ್ಸ್ ಬಂದ್.

ಅದು ನಗುವ ವಿಷಯ. ನಗಲಾರದ್ದೂ ಇದೆ. ರಾಜ, ರಾಣಿ, ಪಟ್ಟದ ಉತ್ತರಾಧಿಕಾರಿ, ಇವರ ಅವಹೇಳನಕ್ಕೆ ಅಲ್ಲಿ 3ರಿಂದ 15 ವರ್ಷ ಜೈಲು. ಒಂದು ಯೋಜನೆ ಸರಿ ಇಲ್ಲ ಎಂದರೆ ಅವಹೇಳನ ಆಗುವುದಿಲ್ಲ, ನಿಜ. ಆದರೂ ರಾಜಕುಮಾರಿಯ ಹೆಸರಿರುವ ಯೋಜನೆಯಲ್ಲಿ ತಪ್ಪಿದೆ ಎಂದು ಮೀಟಿಂಗಿನಲ್ಲಿ ಬಾಯಿಬಿಟ್ಟು ಹೇಳಿದ ಮೇಷ್ಟ್ರನ್ನು ನಾನಂತೂ ಕಂಡಿಲ್ಲ. ಮುಚ್ಚಲು ಕಷ್ಟ ಎಂದರೆ ತಿದ್ದಲೂ ಕಷ್ಟ. ಇನ್ನೊಂದು, ಈ ಶಾಲೆಗಳ ಮಕ್ಕಳು ಜಗತ್ತಿನ ಯಾರ ಜೊತೆಗೂ ನಿಲ್ಲುತ್ತಾರೆ. ಆದರೆ ಹದಿನೈದು ವರ್ಷದ ಮಕ್ಕಳಿಗೆ ಹಲವು ದೇಶಗಳಲ್ಲಿ ನಡೆಸುವ ಪೀಸಾ ಪರೀಕ್ಷೆಯಲ್ಲಿ, 2022ರಲ್ಲಿ, ಗಣಿತಕ್ಕೆ ಇಡೀ ಥಾಯ್ಲೆಂಡಿನ ಸರಾಸರಿ 394. ಒಇಸಿಡಿ ಎಂಬ, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟದ್ದು 472. 24 ಮಕ್ಕಳ ತರಗತಿಯ ಕಾಂಪೌಂಡ್ ದಾಟಿ ಹತ್ತು ಕಿಲೋಮೀಟರ್ ಹೋದರೆ, ಎಲ್ಲ ವಿಷಯಕ್ಕೂ ಒಬ್ಬರೇ ಟೀಚರ್ ಇರುವ ಶಾಲೆ ಸಿಗುತ್ತೆ. ಆ ಶಾಲೆಗೆ ಯಾವ ರಾಜಕುಮಾರಿಯ ಹೆಸರೂ ಇಲ್ಲ.

ಹೋದ ರಜದಲ್ಲಿ ಇಷ್ಟನ್ನೂ ಭಾವನಿಗೆ ಹೇಳಿದೆ. ಗ್ರಹಣ, ಜಮಖಂಡಿ, ಒಡೆಯರು, ಪೀಸಾ, ಒಂದೂ ಬಿಡಲಿಲ್ಲ. ಅವರು ಅಂಗಳದಲ್ಲಿ ಶೀಟ್ ತಿರುಗಿಸಿ ಹಾಕುತ್ತಾ ಹೂಂ ಹೂಂ ಎನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ ತಿರುಗಿ ನೋಡಿ ಕೇಳಿದ್ದು: "ಅದೆಲ್ಲ ಇರಲಿ ಭಾವ, ಆ ಕೂಸು ಮಾಡಿದ ಶೀಟಿನ ವಾಸನೆ ಕಡಿಮೆ ಆಯ್ತಾ?"

ಪೋಸ್ಟರ್‌ನ ಫೋಟೋ ಫೋನಿನಲ್ಲಿತ್ತು. ಜೂಮ್ ಮಾಡಿ ಆ ಪೆನ್ನಿನ ಕಾಲಮ್ಮು ತೋರಿಸಿದೆ. ಭಾವ ಕನ್ನಡಕ ತರಲು ಒಳಗೆ ಹೋದರು.